ಬೆಂಗಳೂರಿನ ಸಿದ್ಧ ಉಡುಪಿನ ಉದ್ಯಮ: ಕಸುಬಿನ ಕಲಿಕೆ ಮತ್ತು ಶ್ರಮಿಕರ ಹಕ್ಕು

೧

ಕೈಗಾರಿಕೆಗಳ ಇತಿಹಾಸವನ್ನು ಬರೆಯುವವರು ಬಂಡವಾಳ, ಯಂತ್ರ, ಮಾರುಕಟ್ಟೆ ಈ ಮೂರನ್ನು ಕುರಿತು ವಿಸ್ತಾರವಾಗಿ ಹೇಳುತ್ತಾರೆ. ಯಂತ್ರದ ಮುಂದೆ ಕುಳಿತವರಿಗೆ ಕೆಲಸ ಹೇಗೆ ಕೈಗೆ ಹತ್ತಿತು, ಆ ಕೆಲಸಕ್ಕೆ ಬೆಲೆ ಕಟ್ಟಿದವರು ಯಾರು ಎಂಬ ಪ್ರಶ್ನೆಗಳನ್ನು ಅನುಬಂಧಕ್ಕೆ ಬಿಡುವುದು ವಾಡಿಕೆ. ಬೆಂಗಳೂರಿನ ಸಿದ್ಧ ಉಡುಪಿನ ಉದ್ಯಮದ ಮಟ್ಟಿಗೆ ಈ ವಾಡಿಕೆ ಸಲ್ಲದು. ಏಕೆಂದರೆ ಈ ಉದ್ಯಮದಲ್ಲಿ ಯಂತ್ರದ ಬೆಲೆ ಅಲ್ಪ. ಕೈಕೆಲಸದ ಪಾಲು ಹಿರಿದು. ಲಕ್ಷಾಂತರ ಜನರಿಗೆ, ಅವರಲ್ಲಿಯೂ ಬಹುಪಾಲು ಹೆಂಗಸರಿಗೆ, ಅನ್ನ ಕೊಟ್ಟಿರುವ ಈ ಕಸುಬು ನಮ್ಮ ರಾಜಧಾನಿಯ ಸಾಮಾಜಿಕ ಚರಿತ್ರೆಯ ಒಂದು ಮುಖ್ಯ ಅಧ್ಯಾಯವಾಗಿದೆ.

ಪ್ರಸ್ತುತ ಪ್ರಬಂಧದಲ್ಲಿ ಪರಿಶೀಲಿಸಲು ಉದ್ದೇಶಿಸಿರುವ ಪ್ರಶ್ನೆ ಒಂದೇ: ಕಸುಬನ್ನು ಕಲಿತವರಿಗೆ ಆ ಕಲಿಕೆಯ ಫಲ ಎಷ್ಟರಮಟ್ಟಿಗೆ ದಕ್ಕಿತು? ಸರ್ಕಾರದ ಯೋಜನೆಗಳಲ್ಲಿಯೂ ಉದ್ಯಮಿಗಳ ಹೇಳಿಕೆಗಳಲ್ಲಿಯೂ ತರಬೇತಿಯೇ ಶ್ರಮಿಕರ ಏಳಿಗೆಗೆ ದಾರಿಯೆಂಬ ನಂಬಿಕೆ ಕಾಣುತ್ತದೆ. ಕಾರ್ಮಿಕ ಸಂಘಗಳಾದರೋ ವೇತನ, ಭವಿಷ್ಯನಿಧಿ, ಶಿಶುವಿಹಾರ ಮೊದಲಾದ ಹಕ್ಕುಗಳನ್ನು ಮುಂದೆ ಮಾಡುತ್ತವೆ. ಇವೆರಡೂ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳೆಂಬಂತೆ ಚರ್ಚೆ ನಡೆದುಬಂದಿದೆ. ಆದರೆ ಕಳೆದ ಐವತ್ತು ವರ್ಷಗಳ ಸಂಗತಿಗಳನ್ನು ಕ್ರಮವಾಗಿ ಜೋಡಿಸಿ ನೋಡಿದಲ್ಲಿ, ಹಕ್ಕಿನ ಬೆಂಬಲವಿಲ್ಲದ ಕೌಶಲಕ್ಕೆ ಬೆಲೆ ಬರುವುದಿಲ್ಲವೆಂಬುದು ವಿಶದವಾಗುತ್ತದೆ.

೨

ಹೊಲಿಗೆ ನಮ್ಮ ನಾಡಿನ ಹಳೆಯ ಕಸುಬು. ಸಿಂಪಿಗ, ಚಿಪ್ಪಿಗ, ದರ್ಜಿ ಎಂಬ ಹೆಸರುಗಳು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಯ ಹೆಸರು ಬರುವುದು, ಈ ಕೆಲಸಕ್ಕೆ ಕಾಯಕದ ಸ್ಥಾನ ದೊರೆತಿತ್ತೆಂಬುದಕ್ಕೆ ಸಾಕ್ಷಿ. ೧೮೦೯ರಲ್ಲಿ ಬೆಂಗಳೂರಿನಲ್ಲಿ ದಂಡುಪ್ರದೇಶ ನೆಲೆಗೊಂಡ ಮೇಲೆ ಐರೋಪ್ಯ ರೀತಿಯ ಉಡುಪುಗಳನ್ನು ಹೊಲಿಯುವ ದರ್ಜಿಗಳಿಗೆ ಹೊಸ ಗಿರಾಕಿಗಳು ಸಿಕ್ಕಿದರು. ೧೮೫೧ರಲ್ಲಿ ಅಮೆರಿಕದ ಐಸಾಕ್ ಸಿಂಗರ್ ಎಂಬಾತನು ಹಕ್ಕುಪತ್ರ ಪಡೆದ ಹೊಲಿಗೆಯ ಯಂತ್ರವು ಆ ಶತಮಾನದ ಕೊನೆಯ ದಶಕಗಳಲ್ಲಿ ಭಾರತದ ಪಟ್ಟಣಗಳಿಗೆ ಬಂದು, ಕ್ರಮೇಣ ಅಂಗಡಿಯ ಜಗಲಿಯನ್ನೂ ಮನೆಯ ಪಡಸಾಲೆಯನ್ನೂ ಸೇರಿತು.

ಈ ಹಳೆಯ ಪದ್ಧತಿಯಲ್ಲಿ ಕಲಿಕೆಯ ಕ್ರಮ ಹೇಗಿತ್ತೆಂಬುದನ್ನು ಗಮನಿಸಬೇಕು. ಹುಡುಗನು ಮೊದಲು ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು, ಅಂಚು ಮಡಿಸುವುದು ಇವುಗಳಿಂದ ಆರಂಭಿಸಿ, ಯಂತ್ರ ತುಳಿಯುವುದನ್ನು ಕಲಿತು, ಕಟ್ಟಕಡೆಗೆ ಅಳತೆ ತೆಗೆದು ಬಟ್ಟೆ ಕತ್ತರಿಸುವ ಹಂತಕ್ಕೆ ಬರುತ್ತಿದ್ದನು. ಇದಕ್ಕೆ ವರ್ಷಗಳು ಹಿಡಿಯುತ್ತಿದ್ದವು. ಕಲಿಕೆಯ ಅವಧಿಯಲ್ಲಿ ಕೂಲಿಯೂ ಅತ್ಯಲ್ಪವಾಗಿರುತ್ತಿತ್ತು. ಆದರೆ ಕಲಿತು ಮುಗಿಸಿದವನು ಇಡೀ ಉಡುಪನ್ನು ಒಬ್ಬನೇ ಸಿದ್ಧಪಡಿಸಬಲ್ಲವನಾಗಿ, ಒಂದು ಯಂತ್ರವನ್ನು ಕೊಂಡು ತನ್ನದೇ ಅಂಗಡಿಯನ್ನು ಇಡಬಹುದಾಗಿತ್ತು. ಕೌಶಲವು ಅವನ ಸ್ವತ್ತಾಗಿತ್ತು.

ಇದಕ್ಕೆ ಸಮಾನಾಂತರವಾಗಿ ಬೆಂಗಳೂರಿನಲ್ಲಿ ಇನ್ನೆರಡು ಬಗೆಯ ಕಾರ್ಮಿಕ ಜೀವನ ರೂಪುಗೊಂಡಿತ್ತು. ಮೊದಲನೆಯದು ಬಟ್ಟೆ ಗಿರಣಿಗಳದು. ಜನರು ಬಿನ್ನಿ ಮಿಲ್ಲೆಂದು ಕರೆಯುತ್ತಿದ್ದ ಗಿರಣಿಯ ಸ್ಥಾಪನೆ ೧೮೮೪ರಷ್ಟು ಹಿಂದಿನದು. ಮೈಸೂರು ಸಂಸ್ಥಾನದಲ್ಲಿ ಕಾರ್ಮಿಕ ಸಂಘಗಳಿಗೆ ಕಾನೂನಿನ ಮನ್ನಣೆ ದೊರೆತದ್ದು ತಡವಾಗಿ, ೧೯೪೦ರ ದಶಕದ ಆರಂಭದಲ್ಲಿ. ಎರಡನೆಯದು ಸಾರ್ವಜನಿಕ ಉದ್ಯಮಗಳದು. ಹಿಂದೂಸ್ತಾನ್ ಏರ್‌ಕ್ರಾಫ್ಟ್ (೧೯೪೦), ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (೧೯೪೮), ಹಿಂದೂಸ್ತಾನ್ ಮೆಷಿನ್ ಟೂಲ್ಸ್ (೧೯೫೩), ಭಾರತ್ ಎಲೆಕ್ಟ್ರಾನಿಕ್ಸ್ (೧೯೫೪) ಇವು ಸ್ಥಾಪಿತವಾದಾಗ, ಕೆಲಸ ಕಲಿಸುವ ವ್ಯವಸ್ಥೆಯೂ ವೇತನಶ್ರೇಣಿಯೂ ಜೊತೆಜೊತೆಯಾಗಿ ಬೆಳೆದವು. ೧೯೬೧ರ ಅಪ್ರೆಂಟಿಸ್ ಕಾಯಿದೆ ಇಂಥ ಕಲಿಕೆಗೆ ದೇಶಾದ್ಯಂತ ಒಂದು ಚೌಕಟ್ಟನ್ನು ಒದಗಿಸಿತು. ತರಬೇತಿ ಮುಗಿಸಿದ ಫಿಟ್ಟರನಿಗೆ ಅಥವಾ ಟರ್ನರನಿಗೆ ಅರ್ಹತಾಪತ್ರವಿರುತ್ತಿತ್ತು. ಅರ್ಹತಾಪತ್ರಕ್ಕೆ ತಕ್ಕ ದರ್ಜೆ, ದರ್ಜೆಗೆ ತಕ್ಕ ಸಂಬಳ, ಸಂಬಳದ ಹಿಂದೆ ಬಲವಾದ ಸಂಘ ಇರುತ್ತಿದ್ದವು. ೧೯೮೦ರ ಡಿಸೆಂಬರಿನಿಂದ ೧೯೮೧ರ ಮಾರ್ಚಿಯವರೆಗೆ ಎಪ್ಪತ್ತೇಳು ದಿನ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರವು ಈ ಸಂಘಟನೆಯ ಶಕ್ತಿಯನ್ನೂ, ಕ್ರಮೇಣ ಅದರ ಮಿತಿಯನ್ನೂ ತೋರಿಸಿಕೊಟ್ಟಿತು. ಸಿದ್ಧ ಉಡುಪಿನ ಕಾರ್ಖಾನೆಗಳು ತಲೆಯೆತ್ತಿದ್ದು ಇದೇ ನಗರದಲ್ಲಿ, ಬಹುಮಟ್ಟಿಗೆ ಇದೇ ದಶಕಗಳಲ್ಲಿ. ಆದರೂ ಈ ಪರಂಪರೆಯ ಫಲ ಅವುಗಳಿಗೆ ದಾಟಿಬರಲಿಲ್ಲ.

೩

ಹೊಸ ಉದ್ಯಮದ ಹುಟ್ಟಿಗೆ ಕಾರಣ ಹೊರದೇಶಗಳ ವಾಣಿಜ್ಯನೀತಿಯಲ್ಲಿದೆ. ೧೯೭೪ರ ಜನವರಿಯಿಂದ ಜಾರಿಗೆ ಬಂದ ಬಹುತಂತು ಒಪ್ಪಂದವು, ಶ್ರೀಮಂತ ದೇಶಗಳು ಬಡ ದೇಶಗಳಿಂದ ಎಷ್ಟೆಷ್ಟು ಉಡುಪನ್ನು ಕೊಳ್ಳಬಹುದೆಂಬುದಕ್ಕೆ ದೇಶವಾರು ಕೋಟಾ ಗೊತ್ತುಪಡಿಸಿತು. ಕೋಟಾ ಒಂದು ನಿರ್ಬಂಧವೇ ಆದರೂ, ಅದು ಭಾರತದಂಥ ದೇಶಕ್ಕೆ ಒಂದು ಖಚಿತವಾದ ಮಾರುಕಟ್ಟೆಯನ್ನೂ ಒದಗಿಸಿತೆಂಬುದನ್ನು ಮರೆಯಲಾಗದು. ೧೯೭೮ರಲ್ಲಿ ಉಡುಪು ರಫ್ತು ಉತ್ತೇಜನ ಮಂಡಲಿ ಸ್ಥಾಪಿತವಾಯಿತು. ಬೆಂಗಳೂರಿನಲ್ಲಿ ೧೯೭೦ರ ದಶಕದಿಂದ ಮೊದಲಾಗಿ ಪೀಣ್ಯ, ಯಶವಂತಪುರ, ಮೈಸೂರು ರಸ್ತೆ, ಬೊಮ್ಮನಹಳ್ಳಿ, ಹೊಸೂರು ರಸ್ತೆ ಈ ಭಾಗಗಳಲ್ಲಿ ರಫ್ತಿನ ಕಾರ್ಖಾನೆಗಳು ಒಂದೊಂದಾಗಿ ಏಳತೊಡಗಿದವು. ೧೯೯೫ರಿಂದ ಕೋಟಾಗಳನ್ನು ಹಂತಹಂತವಾಗಿ ಸಡಿಲಿಸಿ, ೨೦೦೫ರ ಜನವರಿ ೧ರಂದು ಪೂರ್ತಿಯಾಗಿ ತೆಗೆದುಹಾಕಲಾಯಿತು. ಈ ನಡುವೆ, ೨೦೦೦ದ ರಾಷ್ಟ್ರೀಯ ಜವಳಿ ನೀತಿಯು ಸಿದ್ಧ ಉಡುಪಿಗಿದ್ದ ಸಣ್ಣ ಕೈಗಾರಿಕೆಯ ಮೀಸಲಾತಿಯನ್ನು ರದ್ದುಪಡಿಸಿತ್ತು. ಇವೆರಡರ ಫಲವಾಗಿ ದೊಡ್ಡ ಕಾರ್ಖಾನೆಗಳಿಗೆ ಅನುಕೂಲವಾಯಿತು. ಅದರೊಡನೆ, ಬೇಡಿಕೆಯನ್ನು ಯಾವಾಗ ಬೇಕಾದರೂ ಬೇರೆ ದೇಶಕ್ಕೆ ವರ್ಗಾಯಿಸುವ ಸ್ವಾತಂತ್ರ್ಯ ಹೊರದೇಶದ ಕೊಳ್ಳುವವರಿಗೆ ದೊರೆಯಿತು.

ಕಾರ್ಖಾನೆಯ ಒಳಗೆ ಕೆಲಸದ ಸ್ವರೂಪವೇ ಬದಲಾಯಿತು. ಒಂದು ಅಂಗಿಯನ್ನು ಹತ್ತಾರು ಕ್ರಿಯೆಗಳಾಗಿ ಒಡೆದು, ಕಾಲರು, ಕಫ್ಫು, ಜೇಬು, ತೋಳು, ಪಕ್ಕದ ಹೊಲಿಗೆ ಹೀಗೆ ಒಂದೊಂದನ್ನು ಒಬ್ಬೊಬ್ಬರಿಗೆ ವಹಿಸಿ, ಅವರನ್ನು ಸಾಲಾಗಿ ಕುಳ್ಳಿರಿಸುವುದು ಈ ಪದ್ಧತಿಯ ತಿರುಳು. ಈ ಸಾಲಿಗೆ ಕಾರ್ಖಾನೆಯ ಮಾತಿನಲ್ಲಿ ಲೈನ್ ಅಥವಾ ಬ್ಯಾಚ್ ಎಂದು ಹೆಸರು. ಪ್ರತಿಯೊಂದು ಕ್ರಿಯೆಗೆ ತಗಲಬಹುದಾದ ಕಾಲವನ್ನು ನಿಮಿಷದ ಅಂಶಗಳಲ್ಲಿ ಅಳೆದು, ಅದರ ಮೇಲೆ ಗಂಟೆಗೆ ಇಷ್ಟು ತುಂಡುಗಳೆಂಬ ಟಾರ್ಗೆಟ್ಟನ್ನು ಗೊತ್ತುಪಡಿಸಲಾಗುತ್ತದೆ. ಹೆಲ್ಪರ್ ಎಂದು ಸೇರಿದವಳು ದಾರ ಕತ್ತರಿಸುತ್ತ, ತುಂಡುಗಳನ್ನು ಜೋಡಿಸಿ ಕೊಡುತ್ತ, ಬಿಡುವಿನ ವೇಳೆಯಲ್ಲಿ ಯಂತ್ರ ನಡೆಸುವುದನ್ನು ಕಲಿತು ಟೈಲರ್ ಆಗುತ್ತಾಳೆ. ಟೈಲರ್ ಎಂಬ ಹೆಸರು ಹಳೆಯದೇ. ಆದರೆ ಹೆಸರಿನ ಹಿಂದಿನ ವಸ್ತು ಬೇರೆ. ಐದು ವರ್ಷ ಕಾಲರು ಮಾತ್ರ ಹೊಲಿದವಳ ವೇಗ ಅಂಗಡಿಯ ದರ್ಜಿಗೆ ಬಾರದು. ಆದರೆ ಆ ವೇಗಕ್ಕೆ ಕಾರ್ಖಾನೆಯ ಹೊರಗೆ ಬೆಲೆಯಿಲ್ಲ. ಹಳೆಯ ದರ್ಜಿಯಂತೆ ಅದನ್ನು ಎತ್ತಿಕೊಂಡು ಹೋಗಿ ಬೀದಿಯಲ್ಲಿ ಅಂಗಡಿ ಇಡಲು ಬರುವುದಿಲ್ಲ.

ಹೆಂಗಸರನ್ನೇ ಈ ಕೆಲಸಕ್ಕೆ ಏಕೆ ತೆಗೆದುಕೊಂಡರೆಂಬುದಕ್ಕೆ ಬೆರಳುಗಳ ಚುರುಕು, ತಾಳ್ಮೆ ಎಂಬ ಕಾರಣಗಳನ್ನು ಹೇಳುವುದುಂಟು. ಇದನ್ನು ಸ್ವಲ್ಪ ವಿಮರ್ಶಿಸಬೇಕು. ಮನೆಯಲ್ಲಿ ತಾಯಿಯಿಂದಲೋ ಅಕ್ಕನಿಂದಲೋ ಕಲಿತು ಬಂದ ಕೈಚಳಕವನ್ನು ಹುಟ್ಟುಗುಣವೆಂದು ಕರೆದುಬಿಟ್ಟರೆ, ಅದಕ್ಕೆ ಪ್ರತ್ಯೇಕವಾಗಿ ಕೂಲಿ ಕೊಡುವ ಹೊಣೆ ತಪ್ಪುತ್ತದೆ. ಫಿಟ್ಟರನ ಕೆಲಸ ವಿದ್ಯೆಯೆನ್ನಿಸಿಕೊಂಡಿತು, ಹೊಲಿಗೆಯವಳ ಕೆಲಸ ಸ್ವಭಾವವೆನ್ನಿಸಿಕೊಂಡಿತು. ಒಂದೇ ನಗರದಲ್ಲಿ, ಕೆಲವೇ ಮೈಲಿಗಳ ಅಂತರದಲ್ಲಿ, ಎರಡು ಬಗೆಯ ಕೈಕೆಲಸಗಳಿಗೆ ಇಷ್ಟು ಭಿನ್ನವಾದ ಬೆಲೆ ಬಂದುದಕ್ಕೆ ಈ ಹೆಸರಿಡುವಿಕೆಯೂ ಒಂದು ಕಾರಣ.

೪

ಇನ್ನು ತರಬೇತಿಯ ವಿಷಯ. ೧೯೯೦ರ ದಶಕದಿಂದ ಉಡುಪಿನ ಉದ್ಯಮಕ್ಕೆಂದೇ ತರಬೇತಿ ಕೇಂದ್ರಗಳು ಏರ್ಪಟ್ಟವು. ಕರ್ನಾಟಕ ಸರ್ಕಾರದ ೨೦೦೮ರ ಸುವರ್ಣ ವಸ್ತ್ರ ನೀತಿಯಲ್ಲಿಯೂ ಅದರ ಮುಂದಿನ ಜವಳಿ ನೀತಿಗಳಲ್ಲಿಯೂ ತರಬೇತಿಗೆ ನೆರವು ಸೇರಿತು. ಕೇಂದ್ರ ಸರ್ಕಾರವು ೨೦೧೦ರಲ್ಲಿ ಜವಳಿ ಕ್ಷೇತ್ರಕ್ಕೆ ಸಮಗ್ರ ಕೌಶಲಾಭಿವೃದ್ಧಿ ಯೋಜನೆಯನ್ನೂ, ೨೦೧೭ರಲ್ಲಿ ಅದರ ಸ್ಥಾನದಲ್ಲಿ ಸಮರ್ಥ ಯೋಜನೆಯನ್ನೂ ತಂದಿತು. ೨೦೧೪ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯ ಮೂಲಕ ಒಡಿಶಾ, ಝಾರ್ಖಂಡ್ ಮುಂತಾದ ರಾಜ್ಯಗಳ ತರುಣಿಯರು ಹೊಲಿಗೆ ಕಲಿತು ಬೆಂಗಳೂರಿನ ಕಾರ್ಖಾನೆಗಳಿಗೆ ಬಂದು, ಹಾಸ್ಟೆಲುಗಳಲ್ಲಿ ನೆಲೆಸಿದರು.

ಈ ಯೋಜನೆಗಳಿಂದ ಪ್ರಯೋಜನವಾಗಲಿಲ್ಲವೆಂದು ಹೇಳುವುದು ಅನ್ಯಾಯ. ಎಂದೂ ಕೂಲಿಯ ಹಣವನ್ನು ತನ್ನ ಕೈಯಲ್ಲಿ ಎಣಿಸದ ಹಳ್ಳಿಯ ಹುಡುಗಿಗೆ ತಿಂಗಳ ಸಂಬಳದ ಕೆಲಸ ದೊರೆತುದು ಸಣ್ಣ ಸಂಗತಿಯಲ್ಲ. ಆದರೆ ತರಬೇತಿಯ ಅವಧಿ ಸಾಮಾನ್ಯವಾಗಿ ಕೆಲವೇ ವಾರ ಅಥವಾ ತಿಂಗಳುಗಳದು. ಕಲಿಸುವುದು ಲೈನಿನಲ್ಲಿ ಕೂರಲು ಬೇಕಾದಷ್ಟನ್ನು. ಅಳತೆ, ಕತ್ತರಿಕೆ, ವಿನ್ಯಾಸ ಇವು ಬೇರೆಯವರ ಪಾಲಿಗೆ ಉಳಿಯುತ್ತವೆ. ಎಷ್ಟು ಜನ ಕಲಿತರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕವನ್ನು ಇಡುವುದುಂಟು. ಕಲಿತವರ ಕೂಲಿ ಮೂರು ವರ್ಷಗಳ ಮೇಲೆ ಎಷ್ಟಾಯಿತು ಎಂಬ ಲೆಕ್ಕಕ್ಕೆ ಅಷ್ಟು ಗಮನ ದೊರೆಯುವುದಿಲ್ಲ. ಹೀಗಾಗಿ ಅನೇಕ ಸಂದರ್ಭಗಳಲ್ಲಿ ತರಬೇತಿಯು ಕಸುಬಿನ ಶಿಕ್ಷಣಕ್ಕಿಂತ ಹೆಚ್ಚಾಗಿ ಕೆಲಸಗಾರರನ್ನು ಕೂಡಿಸುವ ಸಾಧನವಾಯಿತು.

ಇಲ್ಲಿ ಒಂದು ಅಧ್ಯಯನವನ್ನು ವಿಶೇಷವಾಗಿ ಉಲ್ಲೇಖಿಸಬೇಕು. ಅಚ್ಯುತ ಅಧ್ವರ್ಯು, ನಮ್ರತಾ ಕಲಾ, ಅನಂತ್ ನಿಶಾಧಮ್ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಕೆಲವು ಉಡುಪು ಕಾರ್ಖಾನೆಗಳಲ್ಲಿ ಒಂದು ತರಬೇತಿಯ ಪರಿಣಾಮವನ್ನು ಅಳೆದರು. ಸಂವಹನ, ಕಾಲದ ಬಳಕೆ, ಸಮಸ್ಯೆ ಬಿಡಿಸುವಿಕೆ ಮುಂತಾದವನ್ನು ಕಲಿಸುವ ಆ ತರಬೇತಿಗೆ ಹೆಂಗಸರನ್ನು ಚೀಟಿ ಎತ್ತಿ ಆರಿಸಲಾಗಿತ್ತು. ಆದ್ದರಿಂದ ಕಲಿತವರನ್ನೂ ಕಲಿಯದವರನ್ನೂ ನ್ಯಾಯವಾಗಿ ಹೋಲಿಸುವುದು ಸಾಧ್ಯವಾಯಿತು. ತರಬೇತಿ ಪಡೆದವರ ಉತ್ಪಾದಕತೆ ಶೇಕಡ ಹತ್ತಕ್ಕೂ ಮೀರಿ ಹೆಚ್ಚಿತು. ಅವರ ಕೂಲಿ ಹೆಚ್ಚಿದ್ದು ಶೇಕಡ ಅರ್ಧದಷ್ಟು ಮಾತ್ರ. ಕಾರ್ಖಾನೆಗೆ, ತರಬೇತಿಗಾಗಿ ಮಾಡಿದ ವೆಚ್ಚವು ಕೆಲವೇ ತಿಂಗಳುಗಳಲ್ಲಿ ಎರಡು ಪಟ್ಟಿಗೂ ಹೆಚ್ಚು ಲಾಭವನ್ನು ತಂದಿತು. ಕೌಶಲದಿಂದ ಸಂಪತ್ತು ಹುಟ್ಟುತ್ತದೆಂಬ ಮಾತು ಸುಳ್ಳಲ್ಲ. ಆದರೆ ಆ ಸಂಪತ್ತು ಯಾರ ಮನೆಗೆ ಹೋಗುತ್ತದೆಂಬುದನ್ನು ಕೌಶಲವು ತಾನಾಗಿ ನಿರ್ಣಯಿಸುವುದಿಲ್ಲ. ಅದನ್ನು ನಿರ್ಣಯಿಸುವುದು ಚೌಕಾಶಿಯ ಬಲ. ಇದು ನಮ್ಮ ಪ್ರಶ್ನೆಯನ್ನು ಹಕ್ಕಿನ ಚರಿತ್ರೆಗೆ ಕೊಂಡೊಯ್ಯುತ್ತದೆ.

೫

ಈ ಉದ್ಯಮದಲ್ಲಿ ಸಂಘಟನೆ ಸುಲಭವಾಗಿರಲಿಲ್ಲ. ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗುತ್ತಿರುವ, ಮನೆಗೆಲಸದ ಹೊರೆಯನ್ನೂ ಹೊತ್ತ ಹೆಂಗಸರಿಗೆ ಸಂಜೆ ಸಭೆಗೆ ಬರಲು ವೇಳೆಯೇ ಇರಲಿಲ್ಲ. ಆದ್ದರಿಂದ ಮೊದಲು ಸ್ವಸಹಾಯ ಗುಂಪುಗಳ ರೂಪದಲ್ಲಿ ಬಡಾವಣೆಗಳಲ್ಲಿ ಕೂಡಿದರು. ಸಂಘಗಳು ಆಮೇಲೆ ಬಂದವು. ೨೦೦೦ದ ಬಳಿಕ ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ನೂ, ೨೦೧೨ರಲ್ಲಿ ಹೆಂಗಸರೇ ಮುಂದಾಳುಗಳಾದ ಗಾರ್ಮೆಂಟ್ ಲೇಬರ್ ಯೂನಿಯನ್ನೂ ಹುಟ್ಟಿದವು.

ಇವರ ಹೋರಾಟದ ಕೇಂದ್ರ ಕನಿಷ್ಠ ವೇತನ. ೧೯೪೮ರ ಕನಿಷ್ಠ ವೇತನ ಕಾಯಿದೆಯು ವೇತನವನ್ನು ಐದು ವರ್ಷ ಮೀರದಂತೆ ಪರಿಷ್ಕರಿಸಬೇಕೆಂದು ವಿಧಿಸಿತ್ತು. ೧೯೫೭ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಈ ವೇತನವನ್ನು ಲೆಕ್ಕ ಹಾಕುವ ಕ್ರಮವನ್ನೂ ಹೇಳಿತ್ತು: ಮೂರು ಘಟಕಗಳ ಕುಟುಂಬ, ತಲೆಗೆ ೨೭೦೦ ಕ್ಯಾಲೊರಿಯ ಆಹಾರ, ಕುಟುಂಬಕ್ಕೆ ವರ್ಷಕ್ಕೆ ೭೨ ಗಜ ಬಟ್ಟೆ, ಬಾಡಿಗೆ, ಸೌದೆ ದೀಪಗಳ ವೆಚ್ಚ. ೧೯೯೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಮಕ್ಕಳ ಓದು, ವೈದ್ಯ, ಹಬ್ಬಹರಿದಿನ, ಮುಪ್ಪಿನ ಕಾಲ ಇವುಗಳಿಗೂ ಅವಕಾಶವಿರಬೇಕೆಂದು ಸೇರಿಸಿತು. ಬೆಂಗಳೂರಿನ ಉಡುಪು ಕಾರ್ಖಾನೆಗಳಲ್ಲಿ ನಿಗದಿಯಾದ ಕನಿಷ್ಠವೇ ಬಹುಮಟ್ಟಿಗೆ ಗರಿಷ್ಠವಾಗಿ ಉಳಿಯಿತು. ದರ್ಜೆದರ್ಜೆಗಳ ನಡುವಣ ಅಂತರ ಅತ್ಯಲ್ಪವಾದುದರಿಂದ, ಹತ್ತು ವರ್ಷ ದುಡಿದವಳ ಸಂಬಳಕ್ಕೂ ನಿನ್ನೆ ಸೇರಿದವಳ ಸಂಬಳಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅನುಭವಕ್ಕೆ ಬೆಲೆಯಿಲ್ಲದ ಕಡೆ ಕಲಿಯಬೇಕೆಂಬ ಉತ್ಸಾಹ ಹೇಗೆ ನಿಲ್ಲಬೇಕು?

೨೦೧೬ರ ಏಪ್ರಿಲ್ ತಿಂಗಳ ಘಟನೆಯನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಭವಿಷ್ಯನಿಧಿಯ ನಿಯಮವನ್ನು ತಿದ್ದಿ, ಮಾಲೀಕರ ವಂತಿಗೆಯ ಭಾಗವನ್ನು ೫೮ ವರ್ಷ ತುಂಬುವ ತನಕ ಹಿಂಪಡೆಯಬಾರದೆಂದು ವಿಧಿಸಿತು. ಏಪ್ರಿಲ್ ೧೮ ಮತ್ತು ೧೯ರಂದು ಹೊಸೂರು ರಸ್ತೆಯಲ್ಲಿ, ಪೀಣ್ಯದ ಕಡೆಯಲ್ಲಿ, ಮದ್ದೂರಿನಲ್ಲಿ ಸಾವಿರಾರು ಹೆಂಗಸರು ಕಾರ್ಖಾನೆಗಳಿಂದ ರಸ್ತೆಗೆ ಇಳಿದರು. ಯಾವ ಸಂಘವೂ ಕರೆ ಕೊಟ್ಟಿರಲಿಲ್ಲ. ಲಾಠಿಪ್ರಹಾರವಾಯಿತು, ವಾಹನಗಳು ಸುಟ್ಟವು. ಎರಡನೆಯ ದಿನದ ಸಂಜೆಯೊಳಗೆ ಕೇಂದ್ರ ಸರ್ಕಾರ ಆದೇಶವನ್ನು ಹಿಂತೆಗೆದುಕೊಂಡಿತು. ಮುಪ್ಪಿಗಾಗಿ ಕೂಡಿಡುವ ಹಣಕ್ಕೆ ಇಷ್ಟು ಕೋಲಾಹಲವೇಕೆಂದು ಆಗ ಕೆಲವರು ಆಶ್ಚರ್ಯಪಟ್ಟರು. ಆದರೆ ಲೈನಿನ ಕೆಲಸದಲ್ಲಿ ೫೮ರವರೆಗೆ ಉಳಿಯುವವರು ವಿರಳ. ಕಣ್ಣು, ಬೆನ್ನು, ಭುಜ ಅದಕ್ಕಿಂತ ಬಹಳ ಮೊದಲೇ ಸೋಲುತ್ತವೆ. ಕೆಲಸ ಬಿಟ್ಟಾಗ ಕೈಗೆ ಬರುವ ಪಿ.ಎಫ್. ಹಣವೇ ಮಗಳ ಮದುವೆಗೆ, ಮಗನ ಶುಲ್ಕಕ್ಕೆ, ಸಾಲ ತೀರಿಸಲಿಕ್ಕೆ ಇದ್ದ ಒಂದೇ ಗಂಟು. ಸಂಬಳದಲ್ಲಿ ಉಳಿಯದ ಹಣ ಅಲ್ಲಿ ಮಾತ್ರ ಉಳಿಯುತ್ತಿತ್ತು. ನಿಯಮ ಮಾಡಿದವರು ಕಾರ್ಮಿಕನೆಂದರೆ ನಿವೃತ್ತಿಯ ತನಕ ಒಂದೇ ಕಡೆ ದುಡಿಯುವವನೆಂದು ಭಾವಿಸಿದ್ದರು. ಉಡುಪು ಕಾರ್ಖಾನೆಯ ಹೆಂಗಸು ಅವರ ಕಣ್ಣಿಗೆ ಬಿದ್ದಿರಲಿಲ್ಲ.

೨೦೨೦ರ ಸಾಂಕ್ರಾಮಿಕದ ವರ್ಷ ಇನ್ನೆರಡು ಸಂಗತಿಗಳನ್ನು ಮುಂದೆ ತಂದಿತು. ಮೊದಲನೆಯದು ತುಟ್ಟಿಭತ್ಯೆಯ ವಿವಾದ. ಆ ವರ್ಷದ ಏಪ್ರಿಲಿನಿಂದ ಸಲ್ಲಬೇಕಾಗಿದ್ದ, ತಿಂಗಳಿಗೆ ಸುಮಾರು ೪೧೭ ರೂಪಾಯಿಗಳ ಹೆಚ್ಚಳವನ್ನು ರಾಜ್ಯ ಸರ್ಕಾರ ಮುಂದೂಡಿತು. ಸಂಘಗಳು ಮೊರೆಹೋದ ಮೇಲೆ ಉಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ಆದರೂ ಅನೇಕ ಕಾರ್ಖಾನೆಗಳು ಹಣ ಕೊಡಲಿಲ್ಲ. ಹೊರದೇಶದ ಕೊಳ್ಳುವ ಸಂಸ್ಥೆಗಳ ಮೇಲೆ ಒತ್ತಡ ಬಿದ್ದ ಬಳಿಕ, ೨೦೨೧ರ ಕೊನೆಯಿಂದೀಚೆಗೆ ಬಾಕಿ ಸಂದಾಯವಾಗತೊಡಗಿತು. ಎರಡನೆಯದು ಶ್ರೀರಂಗಪಟ್ಟಣದ ಕಾರ್ಖಾನೆಯೊಂದರದು. ೨೦೨೦ರ ಜೂನ್‌ನಲ್ಲಿ ಅಲ್ಲಿ ೧೨೦೦ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅವರು ವಾರಗಟ್ಟಲೆ ಧರಣಿ ಕುಳಿತರು. ೨೦೨೧ರ ಆದಿಯಲ್ಲಿ, ಮೈಸೂರಿನ ಘಟಕದಲ್ಲಿ ಮತ್ತೆ ಕೆಲಸ ಕೊಡುವ ಒಪ್ಪಂದ ಸಂಘಕ್ಕೂ ಸಂಸ್ಥೆಗೂ ಆಯಿತು. ಈ ಎರಡೂ ಕಡೆಗಳಲ್ಲಿ ಇತ್ಯರ್ಥಕ್ಕೆ ಬೇಕಾದದ್ದು ಮೂರು ಬಲಗಳ ಕೂಡುವಿಕೆ: ಊರಿನ ಸಂಘ, ನಾಡಿನ ಕಾನೂನು, ದೂರದ ಕೊಳ್ಳುವವನ ಹೆಸರಿನ ಮೇಲಿನ ಭಯ. ೨೦೧೩ರ ಏಪ್ರಿಲ್ ೨೪ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡ ಕುಸಿದು ೧,೧೦೦ಕ್ಕೂ ಹೆಚ್ಚು ಜನ ಮಡಿದ ಬಳಿಕ ಅಲ್ಲಿ ಕೊಳ್ಳುವವರನ್ನೂ ಕಾನೂನಿನಿಂದ ಕಟ್ಟುವ ಒಪ್ಪಂದ ಏರ್ಪಟ್ಟಿತು. ಅಂಥ ದುರಂತವಿಲ್ಲದೆಯೂ ಅದೇ ಪಾಠವನ್ನು ಕಲಿಯಲು ನಮಗೆ ಸಾಧ್ಯವಾಗಬೇಕು.

ಇತ್ತೀಚಿನ ಬದಲಾವಣೆಗಳು ಈ ಚಿತ್ರವನ್ನು ಮತ್ತಷ್ಟು ಜಟಿಲಗೊಳಿಸಿವೆ. ಕಾರ್ಖಾನೆಗಳು ಕಡಿಮೆ ವೇತನವಲಯಗಳನ್ನು ಅರಸಿ ರಾಮನಗರ, ಮಂಡ್ಯ, ಹಾಸನ, ಶಿವಮೊಗ್ಗಗಳ ಕಡೆಗೆ ಸಾಗಿವೆ. ೨೦೨೩ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯಿದೆಯನ್ನು ತಿದ್ದಿ, ವಾರಕ್ಕೆ ೪೮ ಗಂಟೆಗಳ ಮಿತಿಯೊಳಗೆ ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆಗೂ, ನಿಬಂಧನೆಗಳೊಡನೆ ಹೆಂಗಸರ ರಾತ್ರಿಯ ಪಾಳಿಗೂ ಅವಕಾಶ ಕೊಟ್ಟಿತು. ೨೦೨೫ರ ನವೆಂಬರ್ ೨೧ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ೧೯೪೮ರ ಎರಡು ಹಳೆಯ ಕಾಯಿದೆಗಳ ಸ್ಥಾನವನ್ನು ಹೊಸ ವಿಧಿಗಳು ಪಡೆದಿವೆ. ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ ಹಿಂದೆ ನೂರು ಜನರಿರುವ ಕಡೆ ಅನ್ವಯಿಸುತ್ತಿದ್ದುದು ಈಗ ಮುನ್ನೂರಕ್ಕೆ ಏರಿದೆ.

೬

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಸಿದ್ಧಪಡುತ್ತವೆ. ಮೊದಲನೆಯದಾಗಿ, ಕುಶಲ ಅಕುಶಲ ಎಂಬ ವಿಭಾಗ ಕೆಲಸದ ಗುಣದಿಂದ ಮಾತ್ರ ಹುಟ್ಟಿದುದಲ್ಲ. ಯಾರ ಕೆಲಸಕ್ಕೆ ಯಾರು ಹೆಸರಿಟ್ಟರೆಂಬುದರಿಂದಲೂ ಹುಟ್ಟಿದ್ದು. ಎರಡನೆಯದಾಗಿ, ಸಾರ್ವಜನಿಕ ಉದ್ಯಮಗಳಲ್ಲಿ ತರಬೇತಿಯು ಸಂಬಳವಾಗಿ ಮಾರ್ಪಟ್ಟುದಕ್ಕೆ ಅರ್ಹತಾಪತ್ರ, ವೇತನಶ್ರೇಣಿ, ಸಂಘ ಈ ಮೂರೂ ಒಟ್ಟಿಗಿದ್ದುದೇ ಕಾರಣ. ಉಡುಪಿನ ಉದ್ಯಮಕ್ಕೆ ಮೊದಲನೆಯದನ್ನು ಮಾತ್ರ ಕೊಟ್ಟು, ಉಳಿದೆರಡನ್ನು ಬಿಟ್ಟುದರಿಂದ ಕಲಿಕೆಯ ಫಲ ಕಲಿತವರಿಗೆ ಮುಟ್ಟಲಿಲ್ಲ. ಮೂರನೆಯದಾಗಿ, ಹಕ್ಕುಗಳ ತಿಳಿವಳಿಕೆಯೂ ಒಂದು ಕೌಶಲವೇ. ವೇತನಪಟ್ಟಿಯನ್ನು ಓದಿ ತುಟ್ಟಿಭತ್ಯೆ ಸೇರಿದೆಯೇ ಎಂದು ನೋಡಬಲ್ಲವಳು, ದೂರನ್ನು ಬರೆದು ಕೊಡಬಲ್ಲವಳು, ತನ್ನ ಕೆಲಸದ ಜೊತೆಗೆ ಇಡೀ ಉಡುಪಿನ ರಚನೆಯನ್ನೂ ತಿಳಿದವಳು, ಇವಳು ಪೂರ್ಣವಾಗಿ ತರಬೇತಿ ಹೊಂದಿದವಳು. ಯಾವ ಪಠ್ಯಕ್ರಮದಲ್ಲಿಯೂ ಈ ಮೂರು ಒಂದೆಡೆ ಸೇರುವುದು ಕಷ್ಟವೇನಲ್ಲ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಗಿರಣಿಗಳ ಕಾಲದ ಕಾಗದಪತ್ರಗಳು ತಕ್ಕಮಟ್ಟಿಗೆ ಉಳಿದಿವೆ. ಉಡುಪಿನ ಕಾರ್ಖಾನೆಗಳ ಮೊದಲ ತಲೆಮಾರಿನ ಚರಿತ್ರೆಯಾದರೋ ಬಹುಮಟ್ಟಿಗೆ ಆ ಹೆಂಗಸರ ನೆನಪಿನಲ್ಲಿದೆ. ೧೯೮೦ರ ದಶಕದಲ್ಲಿ ಹೆಲ್ಪರುಗಳಾಗಿ ಸೇರಿದವರು ಈಗ ಯಂತ್ರವನ್ನು ಬಿಟ್ಟು ತಮ್ಮ ಊರುಗಳಿಗೂ ಬಡಾವಣೆಗಳಿಗೂ ಹಿಂತಿರುಗಿದ್ದಾರೆ. ಅವರು ಕೆಲಸವನ್ನು ಯಾರಿಂದ ಕಲಿತರು, ಮೊದಲ ಸಂಬಳ ಎಷ್ಟು, ಯಾವ ವರ್ಷ ಎಷ್ಟು ಏರಿತು, ಏಕೆ ಬಿಟ್ಟರು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದಿಡುವ ಕಾರ್ಯವನ್ನು ನಮ್ಮ ಕಾಲೇಜುಗಳು ಕೈಕೊಂಡರೆ, ಮುಂದಿನ ಸಂಶೋಧಕರಿಗೆ ಆಧಾರ ದೊರೆಯುತ್ತದೆ. ವೇತನವನ್ನು ನಿಗದಿಮಾಡುವವರಿಗೂ ತರಬೇತಿಯನ್ನು ಯೋಜಿಸುವವರಿಗೂ ಅಂಥ ದಾಖಲೆಯ ಅಗತ್ಯ ಇಂದೇ ಇದೆ.